ಕೂದಲಿಗಿಂತ ಸಣ್ಣ ಹಲಗೆ

ಕೊಗನೊಳ್ಳಿ,
೧೪ ಡಿಸೆಂಬರ್ ೨೦೨೫, ಭಾನುವಾರ

ಪ್ರೀತಿಯ ಸಂಗ್ರಾಮಾ,

ಅಲ್ಲಿ ಹಿಮ ಬೀಳುತ್ತಿದೆ ಎಂದಿದ್ದೆ. ಎದೆಗೆ ಥಂಡಿ ಹತ್ತಿಲ್ಲ ತಾನೆ? ಕಳಿಸಿದ ಸ್ವೆಟರನ್ನು ಜೊತೆಯ ಸಿಪಾಯಿಗಳಿಗೆ ಕೊಟ್ಟು ದೊಡ್ಡಸ್ತಿಕೆ ಮಾಡಬೇಡ. ನಾನು, ನಿಮ್ಮಪ್ಪ ಗಟ್ಟಿಯಾಗಿದ್ದೇವೆ. ನಿನ್ನ ಹೆಂಡತಿ ಸಾರಿಕಾಳ ವಿಷಯ ಫೋನಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕೋಡಿಯ ಕಾಲೇಜಿನಿಂದ ಅಫ್ರೀನ ಎಂಬ ಹುಡುಗಿ ಅಂಗನವಾಡಿಗೆ ಬಂದು ಬಸುರಿಯರ ಉಗುಳು ಪರೀಕ್ಷೆ ಮಾಡಿದಳು. ಅಂಗೈಯಗಲದ ಡಬ್ಬಿ. ಅದರೊಳಗೆ ಕೂದಲಿಗಿಂತ ಸಣ್ಣ ಹಲಗೆಗಳಿವೆಯಂತೆ. ಮೈಗೆ ತಂಬಾಕು ಸೇರಿದ್ದರೆ ಅದರ ಅಣು ಹಲಗೆಗೆ ಅಂಟಿ, ಹಲಗೆ ಬಾಗುತ್ತದಂತೆ, ಬಾಗಿದರೆ ಡಬ್ಬಿಯ ದೀಪ ಹತ್ತುತ್ತದಂತೆ. ಕಾಣದ ಹಲಗೆ, ಕಾಣದ್ದು ಕೂತರೆ ಬಾಗುತ್ತದೆಯೇ, ಯಾರ ಕಿವಿಯ ಮೇಲೆ ಹೂವಿಡುತ್ತಾಳೆ ಎಂದುಕೊಂಡೆ. ಆದರೆ ಸಾರಿಕಾಳ ಸರದಿಗೆ ಬಾಗಿಯೇಬಿಟ್ಟಿತು. ಐದು ತಿಂಗಳ ಬಸುರಿ! ಕೂಸಿಗೆ ತೂಕ ಬರದೆ ದಿನ ತುಂಬುವ ಮೊದಲೇ ಹುಟ್ಟಬಹುದು ಎಂದು ಅಫ್ರೀನ ಹೇಳಿದಳು.

ನಾನು ಮಿಶ್ರಿ ತಿಕ್ಕುತ್ತೇನೆ, ಮುಚ್ಚುವುದೇನಿದೆ? ನಿಪ್ಪಾಣಿ ಸೀಮೆಯಲ್ಲಿ ಹುಟ್ಟಿ, ಹುರಿದ ತಂಬಾಕಿನ ಪುಡಿಯನ್ನು ಹಲ್ಲಿಗೆ ಹಚ್ಚದ ಹೆಂಗಸು ಎಷ್ಟು ಜನ? ಆದರೆ ನಾನು ಬಸುರಿಯಲ್ಲ. ಇವಳು ನನ್ನ ಮಿಶ್ರಿಗೆ ಕೈ ಹಾಕುತ್ತಿರಬೇಕೆಂದು ಅದನ್ನು ಸೆರಗಿಗೆ ಗಂಟು ಹಾಕಿಕೊಂಡೆ, ಅವಳ ಹಾಸಿಗೆ ಕೊಡವಿದೆ, ಬಚ್ಚಲಿಗೆ ಹೋದರೆ ಹಿಂದೆಯೇ ಹೋದೆ. ಏನೂ ಸಿಗಲಿಲ್ಲ. ಸಿಗದಿದ್ದಷ್ಟೂ ಸಂಶಯ ಬಲಿಯಿತು. ನಿನ್ನೆ ಕೇಳಿಯೇಬಿಟ್ಟೆ. "ಹೊಟ್ಯಾಗಿನ ಕೂಸಿನ ಆಣಿರಿ ಅತ್ತಿ, ನಾ ಮುಟ್ಟಿಲ್ರಿ" ಎಂದಳು. ಹುಟ್ಟದ ಕೂಸಿನ ಮೇಲೆ ಆಣೆ ಇಡುತ್ತೀಯಾ ಎಂದು ಬಾಯಿಗೆ ಬಂದಂತೆ ಬೈದೆ. ಇಂದು ಬೆಳಿಗ್ಗೆ ರಾಯಬಾಗದ ಬಸ್ಸು ಹತ್ತಿ ತವರಿಗೆ ಹೋದಳು. ನೀನೇ ಬುದ್ಧಿ ಹೇಳು.

ಮೈ ಜೋಪಾನ. ವಿಠ್ಠಲ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ,
ಪದ್ಮವ್ವ

ತಾ.ಕ.: ಸೋಮವಾರ. ಟಪಾಲಿಗೆ ಹಾಕುವ ಮೊದಲೇ ಅಫ್ರೀನ ಮನೆಗೆ ಬಂದು ಎಲ್ಲರ ಉಗುಳೂ ನೋಡಬೇಕೆಂದಳು. ತುಳಸಿಮಾಲೆ ಹಾಕಿದ ಮೇಲೆ ನಿಮ್ಮಪ್ಪ ಅಡಿಕೆ ಚೂರನ್ನೂ ಬಾಯಿಗಿಟ್ಟವರಲ್ಲ. ಅವರದಕ್ಕೂ ಹಲಗೆ ಬಾಗಿತು. ಅವರನ್ನೂ ದುರುಗುಟ್ಟಿ ನೋಡಿದೆ. ಆಗ ಅವಳು ಕೇಳಿದಳು: "ಮಿಶ್ರಿ ಎದರಾಗ ಹುರಿತೀರಿ, ಮಾವಶಿ?"

ರೊಟ್ಟಿ ಹಂಚಿನ ಮೇಲೆ, ಸಂಗ್ರಾಮಾ. ನಮ್ಮತ್ತೆಯೂ ಹಾಗೆಯೇ ಹುರಿಯುತ್ತಿದ್ದರು. ಅರಿವೆಯಿಂದ ಒರೆಸಿ, ಅದೇ ಹಂಚಿನ ಮೊದಲ ಬಿಸಿ ರೊಟ್ಟಿಯನ್ನು ಬಸುರಿಗೆಂದು ದಿನವೂ ಬಡಿಸಿದವಳು ನಾನು. ಹುರಿಯುವಾಗಿನ ಹೊಗೆಯನ್ನೂ ಪಕ್ಕದಲ್ಲೇ ಕೂತು ಅವಳೇ ಕುಡಿದಳು. ಮೇಲೆ ಬರೆದದ್ದನ್ನು ಹರಿಯುವುದಿಲ್ಲ, ನಾನೇನು ಮಾಡಿದೆನೆಂದು ನಿನಗೆ ಗೊತ್ತಿರಲಿ. ಅವಳು ನನ್ನ ಫೋನ್ ಎತ್ತುತ್ತಿಲ್ಲ. ಈಗ ರಾಯಬಾಗಕ್ಕೆ ಹೊರಟಿದ್ದೇನೆ. ಬಾಗಿಲು ತೆಗೆಯುವವರೆಗೆ ಅವರ ಕಟ್ಟೆಯ ಮೇಲೆ ಕೂರುತ್ತೇನೆ. ಕೂಸಿಗೆ ಏನಾದರೂ ಆದರೆ ಅವಳನ್ನು ಕೇಳಬೇಡ, ನನ್ನನ್ನು ಕೇಳು.