ಕದ್ದು ನೆಟ್ಟ ಮಜ್ಜಿಗೆ ಹುಲ್ಲು

ಅತ್ತೆಯವರಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಹೋದವರಿಗೆ ಇನ್ನೇನು ಕ್ಷೇಮ? ನಾನಂತೂ ಇಲ್ಲಿ ಕುದಿಯುತ್ತಿದ್ದೇನೆ. ಅರ್ಧ ಸಿಟ್ಟು ನಿಮ್ಮ ಮಗನ ಮೇಲೆ, ಅರ್ಧ ನಿಮ್ಮ ಮೇಲೆ.

ನಿಮ್ಮ ತಿಥಿಯ ಹಿಂದಿನ ದಿನ ಅಡುಗೆಯವರು ಒಲೆ ಹೂಡಲು ಹಿತ್ತಿಲಲ್ಲಿ ಜಾಗ ಕೇಳಿದರು. ಬಚ್ಚಲ ನೀರು ಹರಿಯುವ ಕಡೆ ಇದ್ದ ಮಜ್ಜಿಗೆ ಹುಲ್ಲನ್ನು ನಿಮ್ಮ ಮಗ ಬುಡಸಮೇತ ಅಗೆದು ಕಸದ ಗಾಡಿಗೆ ಹಾಕಿಬಿಟ್ಟರು. ನಾನು ಒಳಗೆ ನೆಂಟರಿಗೆ ಕಾಫಿ ಕೊಡುತ್ತಿದ್ದೆ. ಕೇಳಿದರೆ, "ಹುಲ್ಲು ತಾನೇ, ಬಿಡೇ" ಅಂದರು. ಹುಲ್ಲಂತೆ! ಅವರು ಹುಟ್ಟಿದಾಗಿನಿಂದ ತಿಂದ ತುಪ್ಪಕ್ಕೆಲ್ಲ ಆ ಘಮ ಎಲ್ಲಿಂದ ಬಂತು?

ಬೆಣ್ಣೆ ಕಾಯಿಸುವಾಗ ಒಂದು ಎಲೆಯನ್ನು ಗಂಟು ಹಾಕಿ ಬಿಡುತ್ತಿದ್ದಿರಿ, ನೆನಪಿದೆಯೇ? ಮುಂಗಾರು ಹಿಡಿದ ಮೇಲೆ ಬುಡ ಒಡೆದು, ಎಲೆ ಗೇಣುದ್ದ ಉಳಿಸಿ ಕತ್ತರಿಸಿ, ಒಲೆಯ ಬೂದಿ ಹಾಕಿ ನೆಡುತ್ತಿದ್ದಿರಿ. ಬಚ್ಚಲಲ್ಲಿ ಸೋಪು ಜಾಸ್ತಿಯಾದರೆ ನನಗೆ ಬೈಗುಳ. ಬೈಸಿಕೊಂಡು ನೋಡಿಕೊಂಡಿದ್ದು ನಾನು. ಅದು ಹೋದ ಮೇಲೆ ದೊಡ್ಡಬಳ್ಳಾಪುರದ ನರ್ಸರಿಯಿಂದ ಬೇರೊಂದು ಬುಡ ತಂದು ನೆಟ್ಟೆ. ಹಸಿರೇನೋ ಇದೆ, ಘಮ ಮಾತ್ರ ಇಲ್ಲ.

"ಕೇಳಿ ತಂದ ಗಿಡ ಹತ್ತಲ್ಲ, ಕದ್ದೇ ತರ್ಬೇಕು" ಅಂತ ಹೇಳುತ್ತಿದ್ದವರು ನೀವೇ. ಘಾಟಿ ದೇವಸ್ಥಾನಕ್ಕೆ ಹೋದಾಗ ಯಾರದೋ ಬೇಲಿಯಿಂದ ಕಿತ್ತು, ಸೆರಗಲ್ಲಿ ಮುಚ್ಚಿಕೊಂಡು ತಂದದ್ದನ್ನು ನಗುನಗುತ್ತಾ ಹೇಳುತ್ತಿದ್ದಿರಿ. ಪಕ್ಕದ ಮನೆಯ ಜಯಮ್ಮ ಅದನ್ನೇ ನಮ್ಮ ಹಿತ್ತಿಲಲ್ಲಿ ಮಾಡಿದರೆ ಮಾತ್ರ ಕಳ್ಳತನವೇ? ನಲ್ಲಿ ಹತ್ತಿರ ನಾಲ್ಕು ಜನರ ಮುಂದೆ ಅವರನ್ನು ಕಳ್ಳಿ ಅಂದಿರಿ. ಸಾಯುವವರೆಗೂ ಮಾತು ಬಿಟ್ಟಿರಿ. ಒಂದು ಹಿಡಿ ಹುಲ್ಲಿಗೆ, ಅತ್ತೆ!

ನೀವು ಹೋದ ದಿನ ಜಯಮ್ಮ ನಮ್ಮ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದರು. ಒಳಗೆ ಕರೆಯೋಣ ಎಂದರೆ ನಿಮ್ಮ ಮಗ, ಅಮ್ಮನಿಗೆ ಇಷ್ಟವಿರಲಿಲ್ಲ ಅಂದರು. ಅವರು ನಿಮ್ಮ ಮುಖ ನೋಡದೆಯೇ ವಾಪಸು ಹೋದರು. ಹೋಗುವವರು ನಿಮ್ಮ ಜಗಳವನ್ನೂ ಕಟ್ಟಿಕೊಂಡು ಹೋಗಬಾರದಿತ್ತೇ? ಅದನ್ನೇಕೆ ನಮಗೆ ಬಿಟ್ಟು...

ಕೊನೆಗೆ ನಾನೇ ಅವರ ಮನೆಗೆ ಹೋದೆ. ನಮ್ಮ ಬುಡದ ಮರಿ ಅಲ್ಲಿ ಎದೆಯೆತ್ತರ ಬೆಳೆದು ನಿಂತಿದೆ. ಒಂದು ಕಡ್ಡಿ ಕೊಡಿ ಎನ್ನಲು ಬಾಯಿ ತೆರೆದೆ. ಜಯಮ್ಮ ಕೈ ಅಡ್ಡ ಹಿಡಿದರು.

"ಕೇಳ್ಬೇಡ ಕಣವ್ವಾ. ಕೇಳಿದ್ರೆ ಹತ್ತಲ್ಲ ಅಂತ ನಿಮ್ಮತ್ತೇನೇ ಹೇಳ್ತಿದ್ಳು. ಒಲೆ ಮೇಲೆ ಹಾಲಿಟ್ಟಿದ್ದೀನಿ, ನೋಡ್ಕೊಂಡ್ ಬರ್ತೀನಿ."

ಕುಡುಗೋಲನ್ನು ಬುಡದ ಹತ್ತಿರವೇ ಇಟ್ಟು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಬೇರು ಸಮೇತ ಕಿತ್ತು ಸೆರಗಲ್ಲಿ ಮುಚ್ಚಿಕೊಂಡು, ಅಳುತ್ತಲೇ ಮನೆಗೆ ಬಂದೆ. ನಿಮ್ಮನ್ನು ಬೈಯುತ್ತಲೂ ಬಂದೆ.

ಹತ್ತಿದೆ, ಅತ್ತೆ. ಈ ಬೆಳಿಗ್ಗೆ ಹೊಸ ಸುಳಿ ಕಂಡಿತು. ನಿಮ್ಮ ಮಗನಿಗೆ ಆ ಕಡೆ ಗುದ್ದಲಿ ತರಬಾರದು ಎಂದು ಹೇಳಿಯಾಗಿದೆ. ಇದರ ಎಲೆ ಹಾಕಿ ಮೊದಲ ತುಪ್ಪ ಕಾಯಿಸಿದ ದಿನ ಜಯಮ್ಮನನ್ನು ಕರೆದು ಊಟಕ್ಕೆ ಕೂರಿಸುತ್ತೇನೆ. ನಡುಮನೆಯಲ್ಲೇ, ನಿಮ್ಮ ಫೋಟೋದ ಎದುರಿಗೇ. ಈ ಸಲ ಮುಖ ತಿರುಗಿಸಿಕೊಳ್ಳಿ ನೋಡೋಣ.

ನಿಮ್ಮ ಸೊಸೆ,
ಮಂಜುಳ