ಹಲಗೆ ಕಾಸಿದ ಕಾಗದ

ಹೆಬ್ಬಳ್ಳಿ
೨೧ ಜುಲೈ ೨೦೨೪, ಭಾನುವಾರ ಸಂಜೆ

ತಂಗಿ ಸುಜಾತಾಗೆ,

ನಿನ್ನ ದುರಗಪ್ಪಣ್ಣನ ನೆನಪುಗಳು. ನೀನು ಫೋನ್ ಎತ್ತುವುದಿಲ್ಲ, ಎತ್ತಿದರೂ ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೆ ಗದಗಿನ ನಿನ್ನ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ.

ನೋಟ್‌ಬುಕ್ ಸುಟ್ಟ ಈ ಕಥೆಯನ್ನು ಮೊದಲು ಹೇಳಿದವನು ಅರಫಾತ. ಹೋದ ವರ್ಷ ಜುಲೈ ಇಪ್ಪತ್ಮೂರರ ಭಾನುವಾರ, ಬೈರಿದೇವರಕೊಪ್ಪದ ಆ ಅರ್ಧ ಕಟ್ಟಿದ ಮನೆಯಲ್ಲಿ ನಮ್ಮ ಹಾಡು ಮುಗಿದು ಜನ ಎದ್ದು ಹೋದ ಮೇಲೆ, ನೀನು ನಿಮ್ಮಜ್ಜಿಯ ಪದಗಳ ನೋಟ್‌ಬುಕ್ ಕೇಳಿದಾಗ ಹೇಳಿದ. "ಹಲಗಿ ಕಾಸಾಕ ಕಾಗದ ಬೇಕಾಗಿತ್ತು. ನೋಡ್ಲಾರ್ದ ಬೆಂಕಿಗಿ ಹಾಕಿಬಿಟ್ಟೆ, ಸುಜಾತಾ" ಎಂದ. ನೀನು ಅವನ ಮುಖ ನೋಡಿದೆ, ಚಪ್ಪಲಿ ಮೆಟ್ಟಿಕೊಂಡೆ, ಬಸ್ಸಿಗೆ ಹೋದೆ. ಅಲ್ಲಿಗೆ ನಮ್ಮ ತಂಡ ಮುಗಿಯಿತು.

ಅವನು ಹೇಳಿದ್ದು ಸುಳ್ಳು. ಆದರೆ ನನಗೆ ಕಥೆಯನ್ನು ನಡುವಿನಿಂದ ಹೇಳಿ ರೂಢಿಯಿಲ್ಲ. ನಿನಗೆ ಗೊತ್ತಿದ್ದುದನ್ನೂ ಸೇರಿಸಿ ಹೇಳುತ್ತೇನೆ, ಬೇಸರ ಮಾಡಬೇಡ.

ಹಳೇ ಹುಬ್ಬಳ್ಳಿಯಲ್ಲಿ ಅರಫಾತನ ಮಾವನದೊಂದು ಮುಚ್ಚಿದ ಹಿಟ್ಟಿನ ಗಿರಣಿ. ಅಲ್ಲೇ ಕಲಿತದ್ದಕ್ಕೆ ತಂಡದ ಹೆಸರೂ 'ಗಿರಣಿ'. ಅವನದು ಗಿಟಾರು, ನನ್ನದು ಹಲಗೆ, ನಿನ್ನದು ಹಾಡು. ಸ್ಪೀಕರನ್ನು ಹಿಟ್ಟಿನ ಡಬ್ಬಿಯೊಳಗೆ ಕೂರಿಸಿದ್ದ ಪುಣ್ಯಾತ್ಮ. ಜೋರಾಗಿ ನುಡಿಸಿದರೆ ಹಿಟ್ಟು ಹಾರಿ ಮೂವರೂ ಬೆಳ್ಳಗಾಗುತ್ತಿದ್ದೆವು. ಅವನು ಮೊದಲ ಸಲ ಹೆಬ್ಬಳ್ಳಿಗೆ ಬಂದಾಗ ನಿಮ್ಮಜ್ಜಿ ರೇಣವ್ವನಿಗೆ ತಿಳಿಸಿ ಹೇಳಿದ್ದು ನೆನಪಿದೆಯೇ? "ಅಜ್ಜಿ, ನಿಮ್ಮ ಬೀಸೂ ಪದಾನ ಸಿಟ್ಟಿನಾಗ ಒದರಿದ್ರ ಅದಕ್ಕ ಪಂಕ್ ಅಂತಾರ್ರಿ." ಅಜ್ಜಿ ಅವನನ್ನು ಮೇಲೆ ಕೆಳಗೆ ನೋಡಿ, "ಸಿಟ್ಟಿಲ್ದ ಬೀಸೂ ಪದ ಎಲ್ಲೈತೋ ಮಾರಾಯಾ? ಅತ್ತಿ ಕಿವಿಗಿ ಬೀಳ್ಲಿ ಅಂತನ ಹಾಡೂದು" ಎಂದಳು. ಆಮೇಲೆ ಅವನನ್ನೇ ಬೀಸುವ ಕಲ್ಲಿಗೆ ಕೂರಿಸಿ ಅರ್ಧ ಸೇರು ಜೋಳ ಬೀಸಿಸಿದಳು.

ಮೊದಲ ಸಲ ಹಾಡಿದಾಗ ಬಂದವರು ಹನ್ನೊಂದು ಜನ. ಅದರಲ್ಲಿ ಇಬ್ಬರು ಮಳೆಗೆ ನಿಂತವರು. ಧಾರವಾಡದ ಒಂದು ಕಾಲೇಜಿನಲ್ಲಿ ಹಾಡಿನ ನಡುವೆ ಮೈಕಿನ ವೈರು ಕಿತ್ತರು. ನೀನು ಬೆಂಚು ಹತ್ತಿ ಬರೀ ಗಂಟಲಲ್ಲಿ ಹಾಡಿ ಮುಗಿಸಿದೆ. ಆಮೇಲೆ ಜನ ನಮ್ಮನ್ನು ಹುಡುಕಿಕೊಂಡು ಬಂದರು. ಕರಪತ್ರ ನಾವೇ ಬರೆದು, ಝೆರಾಕ್ಸ್ ಮಾಡಿಸಿ, ನಾವೇ ಗೋಡೆಗೆ ಅಂಟಿಸುತ್ತಿದ್ದೆವು. ಹೋದ ವರ್ಷ ಮೇ ತಿಂಗಳಲ್ಲಿ ಅಜ್ಜಿ ತೀರಿಕೊಂಡಳು. ಅಷ್ಟರಲ್ಲಿ ನೀನು ಎರಡು ಬೇಸಿಗೆ ಅವಳೆದುರು ಕುಳಿತು ನೂರಕ್ಕೂ ಹೆಚ್ಚು ಪದ ಬರೆದುಕೊಂಡಿದ್ದೆ. ಇದ್ದುದು ಒಂದೇ ಪ್ರತಿ. ಫೋಟೊ ತೆಗೆದಿಡು ಎಂದು ಅರಫಾತ ಎರಡು ಸಲ ಹೇಳಿದ್ದ.

ಆ ಭಾನುವಾರ ಮೂರು ದಿನದ ಮಳೆ ಹಿಡಿದಿತ್ತು. ಹಲಗೆಯ ಚರ್ಮ ತಂಪಿಗೆ ಸಡಿಲಾಗಿ, ಬಡಿದರೆ ಹಸಿ ಗೋಡೆ ಬಡಿದ ಹಾಗೆ. ಅದು ಬಿಗಿಯಾಗಬೇಕಾದರೆ ಬೆಂಕಿಗೆ ಹಿಡಿಯಬೇಕು, ನಿನಗೆ ಗೊತ್ತು. ಕಟ್ಟಿಗೆಯೆಲ್ಲ ತೊಯ್ದಿತ್ತು. ಅರಫಾತ ಮಾಳಿಗೆಯಲ್ಲಿ ವೈರು ಜೋಡಿಸುತ್ತಿದ್ದ, ನೀನು ಇನ್ನೂ ಬಸ್ಸಿನಲ್ಲಿದ್ದೆ. ನಾನೊಬ್ಬನೇ ಕೆಳಗೆ. ಚೀಲದಿಂದ ಉಳಿದ ಕರಪತ್ರ ತೆಗೆದು ಸುಟ್ಟೆ, ಸಾಲಲಿಲ್ಲ. ಮತ್ತೆ ಕೈ ಹಾಕಿದೆ. ಶುಕ್ರವಾರ ನೀನು ಗಿರಣಿಯಲ್ಲಿ ಮರೆತುಹೋಗಿದ್ದ ನೋಟ್‌ಬುಕ್ ಆ ಚೀಲದಲ್ಲೇ ಇತ್ತು, ಅದಕ್ಕೆ ಹಳೆಯ ಪೇಪರಿನ ಹೊದಿಕೆ. ರದ್ದಿ ಎಂದುಕೊಂಡು ಬೆಂಕಿಗೆ ಇಟ್ಟೆ.

ಇಷ್ಟೇ ಆಗಿದ್ದರೆ ಕೈತಪ್ಪು ಎನ್ನಬಹುದಿತ್ತು. ಹೊದಿಕೆ ಸುಟ್ಟು ಸುರುಳಿಯಾದಾಗ ನಿನ್ನ ದುಂಡನೆಯ ಅಕ್ಷರ ಕಂಡಿತು. ಹತ್ತಿದ್ದು ಅಂಚು ಮಾತ್ರ. ಕಾಲಿನಿಂದ ಒದ್ದಿದ್ದರೂ ಉಳಿಯುತ್ತಿತ್ತು. ಆದರೆ ಅದೇ ಹೊತ್ತಿಗೆ ಚರ್ಮ ಬಿಗಿಯುತ್ತಿತ್ತು. ಬೆರಳಿನಿಂದ ತಟ್ಟಿದೆ, ದನಿ ಏರಿತ್ತು. ಮೇಲೆ ಜನ ಚಪ್ಪಾಳೆ ಹೊಡೆದು ಕರೆಯುತ್ತಿದ್ದರು. ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಎಂದು ಹಲಗೆಯನ್ನು ತಿರುಗಿಸುತ್ತ ಹಿಡಿದೆ. ಅದು ಪೂರಾ ಸುಡುವವರೆಗೆ ಹಿಡಿದೆ. ಛಲೋ ದನಿ ಬಂತು. ಅಂದು ನಾನು ಬಾರಿಸಿದ್ದನ್ನು ನೀನೇ ಹೊಗಳಿದೆ.

ಅರಫಾತ ಇಳಿದು ಬಂದು ಬೂದಿ ನೋಡಿದ. ಏನು ಸುಟ್ಟಿತೆಂದು ಹೇಳಿದೆ. "ನಾ ಹೇಳ್ತೇನಿ ಬಿಡು. ನಾ ಹೊರಗಿನಾಂವ, ಬೈಸ್ಕೊಂಡು ಮನಿಗಿ ಹೋಗ್ತೇನಿ. ನೀ ಅಜ್ಜಿ ಮನಿ ಮುಂದ ದಿನಾ ಹಾಯಬೇಕು" ಎಂದ. ನಾನು ಬೇಡ ಎನ್ನಲಿಲ್ಲ.

ಸುದ್ದಿ ಊರಿಗೆ ಬಂತು. ಅಜ್ಜಿಯ ಎದುರು ಕುಳಿತು ಕಲ್ಲು ತಿರುವುತ್ತಿದ್ದ ಬಾಳವ್ವ ಕಟ್ಟೆಯ ಮೇಲೆ, "ಆ ಮಂದೀಗಿ ನಮ್ಮ ಪದದ್ದೇನ್ ಕಾಳಜಿ?" ಎಂದಳು. ನಾನು ಅಲ್ಲೇ ಕುಳಿತು ಶೇಂಗಾ ಸುಲಿಯುತ್ತಿದ್ದೆ. ಸುಲಿಯುತ್ತಲೇ ಇದ್ದೆ. ಈ ಮೇ ತಿಂಗಳು ಅಜ್ಜಿಯ ವರ್ಷದ ದಿನ ಅರಫಾತ ಬಂದಿದ್ದ. ಯಾರೂ ನೀರು ಸಹ ಕೊಡಲಿಲ್ಲ. ಬಂದ ಬಸ್ಸಿಗೇ ತಿರುಗಿ ಹೋದ. ಈಗ ಮಿಕ್ಸರ್ ರಿಪೇರಿ ಮಾಡುತ್ತಾನೆ, ಗಿಟಾರಿನ ತಂತಿ ಬಿಚ್ಚಿಟ್ಟಿದ್ದಾನೆ.

ನಾನು ಹೋಳಿಯಲ್ಲಿ ಹಲಗೆ ಬಾರಿಸಿದೆ. ಬಾರಿಸಿದ್ದು ಕೈಗೆ ತಿಳಿಯಲೇ ಇಲ್ಲ. ಅಳು ಬಂದೀತೆಂದು ಕಾದೆ, ಅದೂ ಬರಲಿಲ್ಲ. ಉಣ್ಣುತ್ತೇನೆ, ಮಲಗುತ್ತೇನೆ, ದಿನ ಹೋಗುತ್ತದೆ.

ಇವತ್ತು ಸಂಜೆ ಕಟ್ಟೆಯಲ್ಲಿ ಗಂಗಪ್ಪ ಕಾಕಾ ಎಂದಿನಂತೆ, "ಏ ದುರಗ್ಯಾ, ಒಂದು ಕತಿ ಬಿಡೋ" ಎಂದ. ಇದನ್ನೇ ಹೇಳಿದೆ. ಬಾಳವ್ವನೂ ಇದ್ದಳು. ಅಜ್ಜಿಯ ಮಾತಿಗೆ ಎಲ್ಲರೂ ನಕ್ಕರು. ಕಥೆ ಬೆಂಕಿಯ ಹತ್ತಿರ ಬರುತ್ತಲೇ ಹೂಂಗುಟ್ಟುವುದು ನಿಂತಿತು. ಮುಗಿದ ಮೇಲೆ ಒಬ್ಬೊಬ್ಬರಾಗಿ ಎದ್ದು ಹೋದರು.

ನನ್ನನ್ನು ಕ್ಷಮಿಸು ಎಂದು ಬರೆದಿಲ್ಲ. ಅವನ ಮೇಲಿನ ಸಿಟ್ಟನ್ನು ತೆಗೆದು ನನ್ನ ಮೇಲೆ ಇಡು. ಅವನಿಗೊಂದು ಫೋನ್ ಮಾಡು. ನನಗೆ ಬೇಡ.

ಇತಿ,
ದುರಗಪ್ಪ

ತಾ.ಕ.: ಸೋಮವಾರ ಬೆಳಿಗ್ಗೆ. ಇದನ್ನು ಹುಬ್ಬಳ್ಳಿಯಲ್ಲೇ ಅಂಚೆಗೆ ಹಾಕುತ್ತೇನೆ, ಎಂಟರ ಬಸ್ಸಿಗೆ ಅರಫಾತನ ಕಡೆ ಹೊರಟಿದ್ದೇನೆ. ಗಂಗಪ್ಪ ಕಾಕಾ ನಮ್ಮ ಬಾಗಿಲು ದಾಟಿ ಹೋದ, ದಿನಾ ಕೇಳುವ ತಂಬಾಕು ಇವತ್ತು ಕೇಳಲಿಲ್ಲ. ಉಳಿದವರೂ ತಮ್ಮ ತಮ್ಮ ಹೊಲಕ್ಕೆ ಹೋದರು. ಬಾಳವ್ವ ಬಂದಳು. ನನ್ನ ಕಡೆ ನೋಡದೆ ಮೆಟ್ಟಿಲ ಮೇಲೆ ಒಂದು ಬುತ್ತಿ ಇಟ್ಟಳು. ಬಿಸಿ ರೊಟ್ಟಿಯ ವಾಸನೆ ಬರುತ್ತಿತ್ತು. "ಹುಬ್ಬಳ್ಳಿಗಿ ಹೊಂಟಿದ್ರ ಆ ಹುಡುಗಗ ಮುಟ್ಟಸು" ಎಂದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತು, "ನೀ ಬಿಚ್ಚಬ್ಯಾಡ" ಎಂದಳು.