ಉಳಿದ ಆರು ಬಸಿ

ಮಾಳಮಡ್ಡಿ, ೮ ಜುಲೈ ೧೯೩೦, ಮಂಗಳವಾರ, ಬೆಳಿಗ್ಗೆ ೭

ಎರಡನೇ ಚಹಾ ಆಯಿತು. ಹೊರಗೆ ಜಿಟಿಜಿಟಿ. ಕಪ್ಪಿನ ಪ್ರಕರಣದ ಒಟ್ಟು ಖರ್ಚು ಬರೆದುಬಿಡುವುದು ಒಳ್ಳೆಯದು.

ಕುಂಬಾರ ಹುಲಗಪ್ಪನಿಂದ ಮಣ್ಣಿನ ಕಪ್ಪು ಆರು — ಒಂಬತ್ತಾಣೆ. ಟಾಂಗಾ — ಮೂರಾಣೆ. ಭಾಷಣದ ಮರುದಿನ ಗಂಟಲಿಗೆ ಜ್ಯೇಷ್ಠಮಧು — ಅರ್ಧಾಣೆ. ಹೂವಿನ ಹಾರ ಸಭೆಯವರದೇ. ಒಟ್ಟು ಹನ್ನೆರಡೂವರೆ ಆಣೆ. ಬಂದದ್ದು — ಎರಡು ಪಾಲಿಸಿ. ನನ್ನಂಥ ದೇಶೀ ವಿಮಾ ಕಂಪನಿಯ ಏಜೆಂಟನಿಗೆ ದೇಶಭಕ್ತಿ ನಷ್ಟದ ಬಾಬತ್ತಲ್ಲ.

ಒಡೆದ ವಿಲಾಯತಿ ಕಪ್ಪು ಆರು. ಇವನ್ನು ಲೆಕ್ಕಕ್ಕೆ ಹಿಡಿದಿಲ್ಲ. ನನ್ನ ಹೆಂಡತಿ ಮಂದಾಕಿನಿ ಓಣಿಯವರ ಪೋಲಕ ಹೊಲಿದು ಕೂಡಿಸಿದ ದುಡ್ಡಿನಿಂದ ತಂದವು. ಬೆಲೆ ಕೇಳಿಲ್ಲ.

ವಿಲಾಯತಿ ಮಾಲು ಸುಡುವ ಭಾನುವಾರದ ಸಭೆಗೆ ಮೊದಲು ನನ್ನ ಕೋಟನ್ನೇ ಕೊಡಬೇಕೆಂದಿದ್ದೆ. ಆದರೆ ಉಣ್ಣೆಯದು... ಮಳೆಗಾಲ ಬೇರೆ. ಕಪ್ಪು ಹಗುರ, ಒಯ್ಯಲು ಸುಲಭ. ಕಪ್ಪಿನ ಕೆಳಗಿಡುವ ಬಸಿಗಳನ್ನು ಮನೆಯಲ್ಲೇ ಬಿಟ್ಟೆ. ಅಲ್ಲಿ ಬಟ್ಟೆಯ ರಾಶಿ ತೊಯ್ದು ಬೆಂಕಿಯೇ ಹತ್ತಲಿಲ್ಲ. ಜನ ಏಳತೊಡಗಿದರು. ಆಗ ನಾನು ಎದ್ದು ಒಂದೊಂದೇ ಕಪ್ಪು ಕಲ್ಲಿಗೆ ಹೊಡೆದೆ. ಆರನೆಯದಕ್ಕೆ ಇಡೀ ಸಭೆ ಎದ್ದು ನಿಂತಿತ್ತು.

೧೧ ಜುಲೈ, ಶುಕ್ರವಾರ

ಹುಲಗಪ್ಪನ ಕಪ್ಪು. ಬರೆಯದೆ ಇರಲಾಗದು.

ಮೊದಲ ಎರಡು ದಿನ ಚಹಾ ಮಣ್ಣು ನಾರಿತು. ಮಂದಾಕಿನಿ ಗಂಜಿಯಲ್ಲಿ ಕುದಿಸಿ, ಒಲೆಯ ಪಕ್ಕ ಒಣಗಿಸಿದಳು. ಈಗ ವಾಸನೆ ಇಲ್ಲ, ರುಚಿ ಇದೆ. ತುಟಿ ದಪ್ಪ — ಕುಡಿಯುವವನಿಗೆ ಅವಸರ ಮಾಡಗೊಡುವುದಿಲ್ಲ. ಎರಡೂ ಕೈಯಲ್ಲಿ ಹಿಡಿಯಬೇಕು. ಬುಡದ ಹತ್ತಿರ ಹುಲಗಪ್ಪನ ಹೆಬ್ಬೆರಳು ಒತ್ತಿದ ತಗ್ಗು. ನನ್ನ ಹೆಬ್ಬೆರಳು ಅಲ್ಲಿ ಸರಿಯಾಗಿ ಕೂಡುತ್ತದೆ. ಹಿಡಿಕೆ ಇಲ್ಲ. "ಹಿಡಿಕಿ ನಿಂದ್ರವಲ್ದ್ರಿ ರಾಯರ, ಆವಿಗ್ಯಾಗ ಸುಡೂವಾಗ ಉದರಾಕತ್ತಾವ" ಎಂದು ಕೊಡುವಾಗಲೇ ಹೇಳಿದ್ದ.

ನಾನು ವಾರಾನ್ನ ಉಂಡು ಕಲಿತವನು. ಏಳು ದಿನ ಏಳು ಮನೆಯ ಲೋಟ. ನನ್ನ ಕೈ ಅಳತೆಗೆ ಕೂಡುವ ಪಾತ್ರೆ ನಲವತ್ತೊಂದನೇ ವರ್ಷಕ್ಕೆ ಸಿಕ್ಕಿತು.

ಮಂದಾಕಿನಿ ಚಹಾ ಬಿಟ್ಟಿದ್ದಾಳೆ. ಪಿತ್ತವಂತೆ. ದಿನಕ್ಕೆ ಎರಡು ಕಪ್ಪು ಉಳಿತಾಯ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಯಾಕೋ ಸರಿ ಅನಿಸಲಿಲ್ಲ.

೧೯ ಜುಲೈ, ಶನಿವಾರ

ಮೂರನೇ ಪಾಲಿಸಿ, ನಾಲ್ಕನೆಯದು.

ಭಾಷಣದಲ್ಲಿ ಹುಬ್ಬಳ್ಳಿಯ ಅಮೀನಸಾಬನ ಹೆಸರು ಹೇಳಿದ್ದೆ — "ಇಂಥಾ ವಿಲಾಯತಿ ಮಾಲು ಮಾರಾವ ಇವನ!" ಎಂದು. ಒಡೆದ ಕಪ್ಪು ಅವನ ಕಟ್ಲರಿ ಅಂಗಡಿಯವು. ಹೆಸರಿಲ್ಲದೆ ಭಾಷಣಕ್ಕೆ ಕಾವು ಬರುವುದಿಲ್ಲ. ಈಗ ಕಾಲೇಜಿನ ಯಜ್ಞೇಶ್ವರ ಮತ್ತು ಅವನ ಗೆಳೆಯರು ಆ ಅಂಗಡಿಯ ಮುಂದೆ ಪಿಕೆಟಿಂಗ್ ಕೂತಿದ್ದಾರಂತೆ. ಗಿರಾಕಿಗಳನ್ನು ಒಳಗೆ ಬಿಡುವುದಿಲ್ಲ.

ಮಂದಾಕಿನಿ ಕೇಳಿದಳು, "ಇನ್ನೂ ಕೂತಾರೇನು ಹುಡುಗರು?" ಹೂಂ ಅಂದೆ. ಒಳಗೆ ಹೋಗಿ ಗೂಡಿನ ಬಸಿ ಒರೆಸತೊಡಗಿದಳು.

೨ ಆಗಸ್ಟ್, ಶನಿವಾರ, ರೈಲಿನಲ್ಲಿ

ಮನೆ ಮುಟ್ಟುವ ಮೊದಲೇ ಬರೆದುಬಿಡಬೇಕು.

ಕಂತು ವಸೂಲಿಗೆ ಹುಬ್ಬಳ್ಳಿಗೆ ಹೋಗಿದ್ದೆ. ಅಮೀನಸಾಬ ಅಂಗಡಿಯೊಳಗಿಂದ ಕರೆದ. ಮೆಟ್ಟಿಲ ಮೇಲಿದ್ದ ಹುಡುಗರು ನನಗೆ ಜೈಕಾರ ಹಾಕಿ ದಾರಿ ಬಿಟ್ಟರು. ಅರ್ಧ ಬಾಗಿಲು ಹಾಕಿತ್ತು. ಮುದುಕ ಕುರ್ಚಿ ಒರೆಸಿ ಕೂರಿಸಿದ.

"ರಾಯರ, ಅವತ್ತ ನಿಮ್ಮನಿ ಬಾಯಾರು ಕಪ್ಪು ಒಯ್ಯಾಕ ಬಂದಾಗ ನಾ ಮೊದಲ ಜಪಾನಿ ಮಾಲು ತೋರಿಸಿದ್ದೆ. ಸೋವಿ ಐತ್ರಿ ಅಂದೆ. 'ಸೋವಿ ಬ್ಯಾಡ, ನಮ್ಮ ದೇಶದ್ದ ಇದ್ರ ತಗೀರಿ' ಅಂದ್ರು. ಎಂಟಾಣೆ ಹೆಚ್ಚು ಕೊಟ್ಟು ಕಲಕತ್ತಾದ್ದ ಒಯ್ದಾರ. ನೀವು ಅದನ್ನ ಒಡದ್ರಿ."

"ಗುಲಾಬಿ ಹೂವು, ಬಂಗಾರದ ಗೆರಿ... ವಿಲಾಯತಿ ಅನ್ಕೊಂಡೆ."

"ಹೂವು ನೋಡಿದ್ರಿ. ತಳ ನೋಡಿದ್ರೇನು?"

ನೋಡಿರಲಿಲ್ಲ.

"ಇದನ್ನ ಹುಡುಗರಿಗೆ ಹೇಳಬೇಕಿಲ್ಲೋ?"

"ನಾ ಹೇಳಿದ್ರ ಯಾರು ನಂಬ್ತಾರ? ನೀವು ಹೇಳಿದ್ರ ನಂಬ್ತಾರ. ನಿಮ್ಮ ಬಾಯಾಗ ಅಂಥಾದ್ದೇನೋ ಐತಿ. ನಾಳೆ ಸಭಾದಾಗ ಒಂದ ಮಾತು ಹೇಳಿಬಿಡ್ರಿ. ಇನ್ನೊಂದು ತಿಂಗಳ ಹಿಂಗಾದ್ರ ನಾ ಅಂಗಡಿ ತಗಿಯೂದಿಲ್ಲ."

ಅದೇ ದಿನ, ಸಂಜೆ

ಮನೆಗೆ ಬಂದವನೇ ಗೂಡಿನಿಂದ ಬಸಿ ತೆಗೆದು ಬೋರಲು ಮಾಡಿದೆ. ಕಲಕತ್ತಾ. ನೀಲಿ ಅಕ್ಷರ, ಎದ್ದು ಕಾಣುವಂತೆ. ಆರರ ಮೇಲೂ.

"ನಿನಗ ಗೊತ್ತಿತ್ತು?"

"ಆರಿಸಿ ತಂದಾಕಿಗೆ ಗೊತ್ತಿರೂದಿಲ್ಲೇನ್ರಿ?"

"ಮತ್ತ ಹೇಳಬೇಕಿಲ್ಲೋ?"

"ಹೇಳ್ಲಿಕ್ಕೆ ಬಂದೆ. 'ಒಂದು ಮಾತು ಕೇಳ್ರಿ' ಅಂದೆ. ನೀವು ಪಡಸಾಲ್ಯಾಗ ನಿಂತು ನನಗ ಭಾಷಣ ಸುರು ಮಾಡಿದ್ರಿ. ನಂದು ಅಕ್ಕಿ ಆರಿಸೂದು ಮುಗೀತು, ನಿಮ್ಮ ಭಾಷಣ ಮುಗೀಲಿಲ್ಲ."

"ಆಮ್ಯಾಲರೆ..."

"ಒಡದ ಮ್ಯಾಲೆ ಹೇಳಿದ್ರ ಕೂಡ್ತಿದ್ವೇನು? ನನ್ನ ಕಪ್ಪು ಬಿಡ್ರಿ. ಆ ಮುದುಕನ ಅಂಗಡಿ ಇನ್ನೂ ಪೂರಾ ಮುಚ್ಚಿಲ್ಲ. ಅದನ್ನ ಉಳಸ್ರಿ."

ನಾಳೆ ಹೇಳುತ್ತೇನೆ ಎಂದೆ. ಖರೇ ಹೇಳುವವನೇ ಇದ್ದೆ.

೩ ಆಗಸ್ಟ್, ಭಾನುವಾರ

ಮುನ್ನೂರು ಜನ. ನಾಲ್ಕೇ ವಾಕ್ಯ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟಿದ್ದೆ. ಮುಂದಿನ ಸಾಲಿನಲ್ಲಿ ನಾಲ್ವರು ಪಾಲಿಸಿದಾರರು, ಸಹಿ ಆಗಬೇಕಾದವರು ಇಬ್ಬರು. ಹೆಂಗಸರ ಸಾಲಿನಲ್ಲಿ ಮಂದಾಕಿನಿ.

ನಲವತ್ತು ನಿಮಿಷ ಮಾತಾಡಿದೆ. ಹುಲಗಪ್ಪನ ಕಪ್ಪಿನ ಮೇಲೆ. ಅದರ ತುಟಿ, ಅದರ ಬಿಸಿ, ಆ ಹೆಬ್ಬೆರಳ ತಗ್ಗು. ಒಂದು ಮಾತೂ ಸುಳ್ಳಲ್ಲ. ಅದೇ ಕೆಟ್ಟದ್ದು. ಚಪ್ಪಾಳೆ, ಮತ್ತೊಂದು ಹಾರ. ಚೀಟಿ ಜೇಬಿನಲ್ಲೇ ವಾಪಸು.

ಟಾಂಗಾದಲ್ಲಿ ಹವೆಯ ಬಗ್ಗೆ ಎರಡು ಮಾತಾಡಿ ನಿಲ್ಲಿಸಿದೆ.

೪ ಆಗಸ್ಟ್, ಸೋಮವಾರ

ಮಧ್ಯಾಹ್ನ ಬಂದರೆ ಮನೆಗೆ ಕೀಲಿ. ಕೀಲಿಕೈ ನೆರೆಮನೆಯಲ್ಲಿ. ಗೂಡಿನಲ್ಲಿ ಐದೇ ಬಸಿ. ಹುಬ್ಬಳ್ಳಿಗೆ ಹೋದಳೆಂದು ಆಗಲೇ ತಿಳಿಯಿತು. ಅವಳು ಒಬ್ಬಳೇ ರೈಲು ಹತ್ತಿದ್ದು ಇದೇ ಮೊದಲು.

ನಾಲ್ಕಕ್ಕೆ ಬಂದಳು. ಕಾಲು ತೊಳೆದು ಚಹಾ ಇಟ್ಟಳು. ನನಗೆ ಮಾತ್ರ. ನಡೆದದ್ದನ್ನು ಸಂಜೆ ಯಜ್ಞೇಶ್ವರನೇ ಬಂದು ಹೇಳಿದ.

"ಕಾಕಾ, ಇವತ್ತ ಕಾಕು ನಮ್ಮ ನೀರಿಳಿಸಿದ್ರು. ಬಸಿ ಬೋರಲು ಮಾಡಿ ಕೈಯಾಗ ಕೊಟ್ಟು 'ಓದು' ಅಂದ್ರು. ಓದಿದೆ. 'ಬಜಾರಕ್ಕ ಕೇಳೂಹಂಗ ಓದು' ಅಂದ್ರು. ಆಮ್ಯಾಲೆ ಎಲ್ಲಾರೂ ಅಮೀನಸಾಬರಿಗೆ ಕೈ ಮುಗದು ಎದ್ದು ಬಂದ್ವಿ."

"ನನ್ನ ಬಗ್ಗೆ ಏನಂದಳು?"

"'ನಮ್ಮನಿಯವರಿಗೆ ಗೊತ್ತಿದ್ದಿಲ್ಲ. ಗೊತ್ತಿದ್ರ ನಿನ್ನೆ ಸಭಾದಾಗ ಅವರ ಹೇಳ್ತಿದ್ರು' ಅಂದ್ರು. ಹೌದಲ್ಲಾ ಕಾಕಾ, ನೀವು ಮುಚ್ಚಿಡೂ ಮನಷ್ಯಾರೇ ಅಲ್ಲ."

ಒಳಗೆ ಪಾತ್ರೆಯ ಸಪ್ಪಳ ನಿಂತಿತ್ತು. ಅವಳು ಕೇಳುತ್ತಿದ್ದಳು. ನಾನು ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ. ಹುಡುಗ ನಮಸ್ಕಾರ ಮಾಡಿ ಹೋದ.

ಅವಳು ಇಟ್ಟ ಚಹಾ ರುಚಿಯಾಗಿತ್ತು. ಬರೆಯಲು ನಾಚಿಕೆ. ಆದರೂ ಇತ್ತು.

೭ ಆಗಸ್ಟ್, ಗುರುವಾರ, ಬೆಳಿಗ್ಗೆ

ಯಾರಿಗೆ ಏನು ಬಂತು:

ಹುಲಗಪ್ಪ — ಹನ್ನೊಂದು ಡಜನ್ ಕಪ್ಪಿನ ಆರ್ಡರು. ಮಗಳನ್ನೂ ಮಣ್ಣು ತುಳಿಯಲು ಹಚ್ಚಿದ್ದಾನೆ.

ಅಮೀನಸಾಬ — ಅಂಗಡಿಯ ಎರಡೂ ಬಾಗಿಲು ತೆರೆದಿವೆ. ಕಳೆದ ತಿಂಗಳ ವ್ಯಾಪಾರ ಹೋದದ್ದೇ. ನನಗೆ ಸಲಾಮು ಹೇಳಿ ಕಳಿಸಿದ್ದಾನೆ, ಅದು ಚುಚ್ಚುತ್ತದೆ.

ಯಜ್ಞೇಶ್ವರ — ಕೂಗುವ ಮೊದಲು ತಳ ನೋಡುವ ರೂಢಿ.

ನಾನು — ಪಾಲಿಸಿ ಆರು. ಹಾರ ಎರಡು. ನನ್ನ ಸುಳ್ಳಿಗೆ ಹೆಂಡತಿಯ ಜಾಮೀನು. ದಿನಾ ಎರಡು ಹೊತ್ತು ಈ ಕಪ್ಪು.

ಮಂದಾಕಿನಿ — ಇದನ್ನು ಅವಳನ್ನು ಕೇಳದೆ ಬರೆಯಲಾಗದು. ಹದಿನೆಂಟು ವರ್ಷದಲ್ಲಿ ಏನನ್ನೂ ಕೇಳಿದ ನೆನಪಿಲ್ಲ. ಅಡಿಗೆಮನೆಯಿಂದ ಏನೋ ಹೇಳುತ್ತಿದ್ದಾಳೆ. ನನಗೇ ಇರಬೇಕು. ಎದ್ದು ಹೋಗಿ ಕೇಳಿ —